ಮರ ಕಡೆಯೋಣ, ಲೆಕ್ಕ ಬರೆಯೋಣ



ನಮ್ಮ ಅನೇಕರ ಮನೆಯಲ್ಲಿ ಕುಂಕುಮದ ಭರಣಿ ಇದೆ. ಮರದ ಭರಣಿ. ಕೆಂಪು, ಹಳದಿ ಬಣ್ಣದ್ದು. ಗುಂಡಗೆ, ನುಣ್ಣಗೆ ಇರುತ್ತದೆ. ಮುಚ್ಚಳ ಸರಿಯಾಗಿ ಕೂರುತ್ತದೆ. ಇದನ್ನು ಹೇಗೆ ಮಾಡುತ್ತಾರೆ? ತಿಳಿಯೋಣ ಬನ್ನಿ.

ಬೊಂಬೆಗಳ ಊರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣ ಇದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರ. ಈ ಊರಿನ ಮರದ ಬೊಂಬೆಗೆ ದೊಡ್ಡ ಹೆಸರು. ಟಿಪ್ಪು ಸುಲ್ತಾನನ ಕಾಲದಿಂದ ಈ ಕೆಲಸ ಇದೆ ಎಂದು ಜನ ಹೇಳುತ್ತಾರೆ. ಬೊಂಬೆ, ಬಳೆ, ಬಟ್ಟಲು, ಭರಣಿ ಎಲ್ಲವೂ ಇಲ್ಲಿ ಆಗುತ್ತವೆ. ಹೆಂಗಸರೂ ಲೇತಿನ ಮುಂದೆ ಕೂತು ಕೆಲಸ ಮಾಡುತ್ತಾರೆ.

ಕಡೆಯೋದು ನಮಗೆ ಹೊಸದಲ್ಲ

ಮರವನ್ನು ತಿರುಗಿಸಿ, ಉಳಿ ಹಿಡಿದು ಗುಂಡಗೆ ಮಾಡುವುದಕ್ಕೆ ಕಡೆಯುವುದು ಎನ್ನುತ್ತಾರೆ. ನಾವು ಮೊಸರು ಕಡೆಯುತ್ತೇವೆ. ಮಾತು ಒಂದೇ, ಕೆಲಸದ ರೀತಿಯೂ ಒಂದೇ. ಹಗ್ಗ ಎಳೆದರೆ ಕಡಗೋಲು ತಿರುಗುತ್ತದೆ, ಅಲ್ಲವೇ? ಹಿಂದೆ ಮರಕ್ಕೂ ಹೀಗೇ ಹಗ್ಗ ಸುತ್ತಿ, ಅತ್ತ ಇತ್ತ ಎಳೆದು ತಿರುಗಿಸುತ್ತಿದ್ದರು. ಈಗ ಹೆಚ್ಚಾಗಿ ಕರೆಂಟಿನ ಲೇತು ಇದೆ.

ಮೊದಲು ಮರ ಒಣಗಬೇಕು

ಚನ್ನಪಟ್ಟಣದವರು ಹೆಚ್ಚಾಗಿ ಬಳಸುವುದು ಹಾಲೆ ಮರ. ಕೆಲವರು ಆಲೆ ಮರ ಅಂತಾರೆ. ಇದರ ಎಲೆ ಕಿತ್ತರೆ ಹಾಲು ಬರುತ್ತದೆ. ಮರ ಬೆಳ್ಳಗೆ, ಮೆತ್ತಗೆ ಇರುತ್ತದೆ. ಉಳಿಗೆ ಚೆನ್ನಾಗಿ ಬಗ್ಗುತ್ತದೆ.

ಕಡಿದ ಮರವನ್ನು ಕೂಡಲೇ ಕಡೆಯಬಾರದು. ತೊಗಟೆ ತೆಗೆದು ಎರಡು ಮೂರು ತಿಂಗಳು ಒಣಗಿಸಬೇಕು. ಯಾಕೆ? ಹಸಿ ಮರದಲ್ಲಿ ನೀರು ಇರುತ್ತದೆ. ನೀರು ಆರಿದಂತೆ ಮರ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ. ಹಾಗಾಗಿ ಇವತ್ತು ಗುಂಡಗೆ ಕಡೆದ ಭರಣಿ ನಾಳೆ ಮೊಟ್ಟೆಯ ಹಾಗೆ ಆಗುತ್ತದೆ. ಮುಚ್ಚಳ ಕೂರುವುದಿಲ್ಲ. ಕೆಲವು ಸಲ ಸೀಳಿಯೇ ಹೋಗುತ್ತದೆ.

ಆಮೇಲೆ ಕಡೆಯುವುದು

ಒಣಗಿದ ತುಂಡನ್ನು ಲೇತಿಗೆ ಬಿಗಿಯಾಗಿ ಸಿಕ್ಕಿಸುತ್ತಾರೆ. ಮರ ತಿರುಗುತ್ತದೆ. ಉಳಿಯನ್ನು ಅಡ್ಡಪಟ್ಟಿಯ ಮೇಲೆ ಇಟ್ಟು ಮೆಲ್ಲಗೆ ತಾಗಿಸುತ್ತಾರೆ. ಮೊದಲು ಹೊರಗಡೆ ಗುಂಡಗೆ ಆಗುತ್ತದೆ. ನಂತರ ಒಳಗಡೆ ಕೊರೆಯುತ್ತಾರೆ. ಮುಚ್ಚಳವನ್ನು ಬಾಯಿಗೆ ಸರಿಯಾಗಿ ಅಳೆದು ಕಡೆಯುತ್ತಾರೆ. ಮರಳು ಕಾಗದದಿಂದ ಉಜ್ಜಿ ನುಣ್ಣಗೆ ಮಾಡುತ್ತಾರೆ.

ಅರಗಿನ ಬಣ್ಣ

ಇಲ್ಲಿ ಕುಂಚ ಬೇಡ. ಅರಗಿನ ಕಡ್ಡಿ ಸಾಕು. ಅರಗು ಎಲ್ಲಿಂದ ಬರುತ್ತದೆ? ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಒಂದು ಸಣ್ಣ ಹುಳ ಇರುತ್ತದೆ. ಅರಗು ಅದರ ಮೈಯಿಂದ ಬರುವ ಅಂಟು. ಅದನ್ನು ಕಾಯಿಸಿ, ಬಣ್ಣ ಬೆರೆಸಿ ಕಡ್ಡಿ ಮಾಡುತ್ತಾರೆ. ಅರಿಸಿನದಿಂದ ಹಳದಿ ಬರುತ್ತದೆ, ನೀಲಿ ಗಿಡದಿಂದ ನೀಲಿ ಬರುತ್ತದೆ.

ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಎರಡು ಕೈ ಉಜ್ಜಿದರೆ ಬಿಸಿ ಆಗುತ್ತದಲ್ಲ, ಹಾಗೇ ಇಲ್ಲೂ ಬಿಸಿ ಹುಟ್ಟುತ್ತದೆ. ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಬಣ್ಣ ಎಲ್ಲ ಕಡೆ ಹರಡಿ ಹೊಳೆಯುತ್ತದೆ.

ಒಂದು ಮಾತು ನೆನಪಿಡಿ. ಬಿಸಿಗೆ ಅರಗು ಮತ್ತೆ ಮೆತ್ತಗಾಗುತ್ತದೆ. ಅರಗು ಹಚ್ಚಿದ ಬಟ್ಟಲಿಗೆ ಬಿಸಿ ಸಾರು ಬಿಡಬೇಡಿ. ಮಕ್ಕಳು ಬೊಂಬೆಯನ್ನು ಬಾಯಿಗೆ ಇಡುತ್ತವೆ. ಕೆಲವು ಪೇಂಟುಗಳಲ್ಲಿ ಸೀಸ ಇರುತ್ತದೆ, ಅದು ಮಕ್ಕಳಿಗೆ ವಿಷ. ಕೊಳ್ಳುವ ಮೊದಲು ಯಾವ ಬಣ್ಣ ಎಂದು ಕೇಳಿ.

ಜೋಪಾನ!

ತಿರುಗುವ ಯಂತ್ರಕ್ಕೆ ಕಣ್ಣಿಲ್ಲ. ಸೆರಗನ್ನು ಬಿಗಿಯಾಗಿ ಸಿಕ್ಕಿಸಬೇಕು. ಜಡೆಯನ್ನು ತುರುಬು ಕಟ್ಟಬೇಕು. ಕೈಬಳೆ ತೆಗೆದಿಡಬೇಕು. ಧೂಳು ಒಳಗೆ ಹೋಗದಂತೆ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಬೆಲ್ಟು ಜಾರಿದರೆ ಮೊದಲು ಸ್ವಿಚ್ಚು ಆರಿಸಬೇಕು. ಆಮೇಲೆ ಕೈ ಹಾಕಬೇಕು.

ಕೂಲಿಯ ಲೆಕ್ಕ

ಇಂಥ ಕೆಲಸಕ್ಕೆ ಎಷ್ಟೋ ಕಡೆ ತುಂಡಿಗೆ ಇಷ್ಟು ಎಂದು ಕೂಲಿ ಕೊಡುತ್ತಾರೆ. ಒಂದು ಭರಣಿಗೆ 8 ರೂಪಾಯಿ ಅಂತ ಇಟ್ಟುಕೊಳ್ಳೋಣ. 40 ಭರಣಿ ಮಾಡಿದರೆ 320 ರೂಪಾಯಿ. ಅದರಲ್ಲಿ 5 ಭರಣಿಯ ಮುಚ್ಚಳ ಕೂರಲಿಲ್ಲ ಎಂದು ತೆಗೆದು ಹಾಕಿದರೆ 280 ರೂಪಾಯಿ. 40 ರೂಪಾಯಿ ಹೋಯಿತು! ಬೀಡಿ ಕಟ್ಟುವ ಅಕ್ಕಂದಿರಿಗೆ ಈ ಸಂಕಟ ಗೊತ್ತು.

ಆದರೆ ತಪ್ಪು ಯಾರದು? ಉಳಿ ಜಾರಿದ್ದರೆ ಅದು ಕೈಯ ತಪ್ಪು. ಕೊಟ್ಟ ಮರವೇ ಹಸಿ ಇದ್ದರೆ? ಆಗ ಅದು ಕಡೆದವಳ ತಪ್ಪಲ್ಲ. ಬಾಯಿಮಾತಲ್ಲಿ ಹೇಳಿದರೆ ಯಾರು ಕೇಳ್ತಾರೆ? ಅದಕ್ಕೇ ಬರೆದಿಡಬೇಕು. ಮರ ಕಡಿದದ್ದು ಯಾವಾಗ? ನಮ್ಮ ಕೈಗೆ ಬಂದದ್ದು ಯಾವ ದಿನ? ಎಷ್ಟು ತುಂಡು? ಎಷ್ಟು ಭರಣಿ ಕೊಟ್ಟೆವು? ಎಷ್ಟು ವಾಪಸು ಬಂತು? ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಸಾಕು. ಕೆಲಸದ ಗುಟ್ಟು ತಿಳಿದವಳು, ಲೆಕ್ಕ ಬರೆದಿಟ್ಟವಳು ಧೈರ್ಯವಾಗಿ ಕೇಳಬಹುದು.

2005-06ರಲ್ಲಿ ಚನ್ನಪಟ್ಟಣದ ಬೊಂಬೆಯ ಹೆಸರಿಗೆ ಸರಕಾರದ ನೋಂದಣಿ ಸಿಕ್ಕಿತು. ಬೇರೆ ಊರಿನ ಮಾಲಿಗೆ ಆ ಹೆಸರು ಹಾಕಿ ಮಾರುವಂತಿಲ್ಲ. ನೋಡಿ, ಊರಿನ ಹೆಸರನ್ನೂ ಕಾಪಾಡಿದ್ದು ಬರಹವೇ. ನಮ್ಮ ಕೂಲಿಯನ್ನು ಕಾಪಾಡುವುದೂ ಬರಹವೇ.

ಹೇಳಿ ನೋಡೋಣ

1. ಹಸಿ ಮರದ ಭರಣಿಗೆ ಮುಚ್ಚಳ ಯಾಕೆ ಕೂರುವುದಿಲ್ಲ?
2. ಅರಗು ಬೆಂಕಿ ಇಲ್ಲದೆ ಹೇಗೆ ಕರಗುತ್ತದೆ?
3. ಒಂದು ಭರಣಿಗೆ 8 ರೂಪಾಯಿ ಆದರೆ 25 ಭರಣಿಗೆ ಎಷ್ಟು?

ಬರೆದು ನೋಡಿ

ನೀವು ಮಾಡುವ ಕೆಲಸದ ಒಂದು ವಾರದ ಲೆಕ್ಕ ಬರೆಯಿರಿ. ದಿನ, ಕೆಲಸ, ಸಿಕ್ಕಿದ ಕೂಲಿ, ಮೂರೂ ಇರಲಿ.