‘ಆಫ್’ ಆದ ಅಲಾರಂ ಹೊಡೆದುಕೊಳ್ಳುವುದೇಕೆ?

ಇಂಗ್ಲಿಷ್ ವ್ಯಾಕರಣ ಪುಸ್ತಕಗಳ ಕೊನೆಯಲ್ಲಿ ಫ್ರೇಸಲ್ ವರ್ಬ್‌ಗಳ, ಅಂದರೆ ಕ್ರಿಯಾಪದಕ್ಕೆ ಚಿಕ್ಕ ಪದವೊಂದು ಸೇರಿ ಆದ ಜೋಡಿಗಳ, ಉದ್ದನೆಯ ಪಟ್ಟಿ ಇರುತ್ತದೆ: ಎಡಕ್ಕೆ ಗಿವ್ ಅಪ್, ಗಿವ್ ಇನ್, ಬಲಕ್ಕೆ ಅರ್ಥ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಅದನ್ನು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ತಪ್ಪು ತಿಳಿವಳಿಕೆಗಳಲ್ಲಿ ಹಲವಕ್ಕೆ ಈ ಪಟ್ಟಿಯೇ ತವರು.

ತಪ್ಪು ಕಲ್ಪನೆ: ಎರಡೂ ಪದಗಳ ಅರ್ಥ ಗೊತ್ತಿದ್ದರೆ ಜೋಡಿಯ ಅರ್ಥ ತಾನಾಗಿ ಹೊಳೆಯುತ್ತದೆ.

ವಾಸ್ತವ: ‘ಸಿಟ್ ಡೌನ್’ ಮಟ್ಟಿಗೆ ನಿಜ. ‘ಗೋ ಆಫ್’ ಬಳಿ ಬಂದರೆ ಲೆಕ್ಕ ತಪ್ಪುತ್ತದೆ. ದೀಪ ‘ವೆಂಟ್ ಆಫ್’ ಎಂದರೆ ಆರಿತು. ಅಲಾರಂ ‘ವೆಂಟ್ ಆಫ್’ ಎಂದರೆ ಹೊಡೆದುಕೊಂಡಿತು. ಬಾಂಬ್ ಆದರೆ ಸಿಡಿಯಿತು, ಹಾಲಾದರೆ ಕೆಟ್ಟಿತು. ಯಾವ ಅರ್ಥ ಎಂದು ತೀರ್ಮಾನಿಸುವುದು ಕರ್ತೃಪದ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದದ್ದು ‘ಗೋ ಆಫ್’ ಅಲ್ಲ, ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂಬ ಇಡೀ ವಾಕ್ಯ. ಕನ್ನಡಿಗರಿಗೆ ಈ ಆಟ ಹೊಸದೇನಲ್ಲ. ಕೈಕೊಡು, ಕೈಬಿಡು, ಕೈಹಾಕು, ಕೈಗೂಡು ಎಲ್ಲವೂ ನಮ್ಮ ನಾಲಿಗೆಯ ಮೇಲೇ ಇವೆ. ‘ಕೈ’ಯನ್ನೂ ‘ಕೊಡು’ವನ್ನೂ ಬಿಡಿಸಿ ನೋಡುವವರಿಗೆ, ದಾರಿ ಮಧ್ಯೆ ಬೈಕು ಕೈಕೊಟ್ಟದ್ದು ಅರ್ಥವಾದೀತೆ?

ಹಾಗೆಂದು ಎಲ್ಲವೂ ಮನಬಂದಂತೆ ಹುಟ್ಟಿದ್ದಲ್ಲ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್ ಇಲ್ಲೆಲ್ಲ ‘ಅಪ್’ಗೂ ಮೇಲಕ್ಕೂ ಸಂಬಂಧವಿಲ್ಲ, ಪೂರ್ತಿ ಮುಗಿಸು ಎನ್ನುವುದು ಅದರ ಧ್ವನಿ. ‘ತಿಂದುಬಿಡು’, ‘ಕುಡಿದುಬಿಡು’ ಎನ್ನುವಾಗ ನಮ್ಮ ‘ಬಿಡು’ ಮಾಡುವ ಕೆಲಸಕ್ಕೆ ಇದು ಸಮೀಪ.

ತಪ್ಪು ಕಲ್ಪನೆ: ಜೋಡಿಯನ್ನು ಎಂದೂ ಅಗಲಿಸಬಾರದು.

ವಾಸ್ತವ: ‘ಟರ್ನ್ ಆಫ್ ದಿ ಲೈಟ್’, ‘ಟರ್ನ್ ದಿ ಲೈಟ್ ಆಫ್’ ಎರಡೂ ಸರಿ. ಆದರೆ ಲೈಟಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಲುಕ್ ಆಫ್ಟರ್’ ಮಾತ್ರ ಯಾರನ್ನೂ ನಡುವೆ ಬಿಟ್ಟುಕೊಳ್ಳುವುದಿಲ್ಲ. ‘ಶಿ ಲುಕ್ಸ್ ಆಫ್ಟರ್ ಹಿಮ್’ ಎಂದೇ ಹೇಳಬೇಕು.

ತಪ್ಪು ಕಲ್ಪನೆ: ಇವು ಆಡುಮಾತಿಗಷ್ಟೇ, ಗಂಭೀರ ಬರಹಕ್ಕಲ್ಲ.

ವಾಸ್ತವ: ಸಂಶೋಧನಾ ಪ್ರಬಂಧಗಳಲ್ಲಿ ಕ್ಯಾರಿ ಔಟ್, ಪಾಯಿಂಟ್ ಔಟ್, ಅಕೌಂಟ್ ಫಾರ್ ಧಾರಾಳವಾಗಿ ಸಿಗುತ್ತವೆ. ಇನ್ನೊಂದು ಕಡೆ, ಮನೆಗೆ ಬೆಂಕಿ ಬಿದ್ದಾಗ ‘ಪುಟ್ ಔಟ್’ ಬಿಟ್ಟು ‘ಎಕ್ಸ್‌ಟಿಂಗ್ವಿಶ್’ ಎಂದು ಕೂಗುವವರು ವ್ಯಾಕರಣದ ಮೇಷ್ಟ್ರೇ ಇರಬೇಕು.

ತಪ್ಪು ಕಲ್ಪನೆ: ಇದು ಇತ್ತೀಚಿನ ಅಮೆರಿಕನ್ ಚಾಳಿ.

ವಾಸ್ತವ: ಕ್ರಿಯಾಪದದ ಬೆನ್ನಿಗೆ ಅಂಟಿಕೊಳ್ಳುವ ಈ ಚಿಕ್ಕ ಪದಗಳು ಪರದೇಶದವರನ್ನು ತೀರಾ ಕಾಡುತ್ತವೆ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಷ್ಟು ಹಿಂದೆಯೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದ. ಈಚಿನದು ‘ಫ್ರೇಸಲ್ ವರ್ಬ್’ ಎಂಬ ಹೆಸರಷ್ಟೇ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಪುಸ್ತಕದಲ್ಲಿ ಅದನ್ನು ಬಳಸಿದ. ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ.

ತಪ್ಪು ಕಲ್ಪನೆ: ಚಿಕ್ಕ ಪದಗಳಾದ್ದರಿಂದ ಕಲಿಯುವುದೂ ಸುಲಭ.

ವಾಸ್ತವ: ಸಿ.ಕೆ. ಆಗ್ಡೆನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ರೂಪಿಸಿದಾಗ ಹಾಗೇ ಅಂದುಕೊಂಡಿದ್ದ. ಒಟ್ಟು 850 ಪದ, ಕ್ರಿಯಾಪದಗಳು ಬರೀ 18. ‘ಎಂಟರ್’ ಬೇಡ, ‘ಗೋ ಇನ್’ ಸಾಕು. ಪಟ್ಟಿಯೇನೋ ಕಿರಿದಾಯಿತು. ಆದರೆ ಪುಟ್, ಗೆಟ್, ಟೇಕ್‌ಗಳು ಇನ್, ಔಟ್, ಅಪ್‌ಗಳ ಜತೆ ಸೇರಿ ಕೊಡುವ ನೂರಾರು ಅರ್ಥಗಳು 850ರ ಲೆಕ್ಕದಲ್ಲಿ ಇರಲೇ ಇಲ್ಲ. ಅದನ್ನೆಲ್ಲ ಹೊರಬೇಕಾದವನು ಕಲಿಯುವವನು.

ತಪ್ಪು ಕಲ್ಪನೆ: ನಾವು ಬಳಸುವ ಜೋಡಿ ಎಲ್ಲ ಕಡೆಯೂ ನಡೆಯುತ್ತದೆ.

ವಾಸ್ತವ: ‘ಐ ಪಾಸ್ಡ್ ಔಟ್ ಇನ್ 2015’ ಎಂದು ನೀವು ಲಂಡನ್ನಿನಲ್ಲಿ ಹೇಳಿದರೆ, ಆ ವರ್ಷ ನೀವು ಮೂರ್ಛೆ ಹೋಗಿದ್ದಿರಿ ಎಂದುಕೊಂಡಾರು. ಸೇನಾ ತರಬೇತಿ ಮುಗಿಸಿದವರಿಗೆ ಅಲ್ಲೂ ಈ ಮಾತು ಸಲ್ಲುತ್ತದೆ. ಪದವೀಧರರು ‘ಗ್ರಾಜುಯೇಟೆಡ್’ ಎನ್ನುವುದೇ ಕ್ಷೇಮ. ‘ಕೋಪ್ ಅಪ್ ವಿತ್’ನಲ್ಲಿರುವ ‘ಅಪ್’ ನಾವೇ ತುರುಕಿದ್ದು, ‘ಕೋಪ್ ವಿತ್’ ಸಾಕು. ಸರ್ಕಾರಿ ಕಚೇರಿಗಳಲ್ಲಿ ಫೈಲು ‘ಪುಟ್ ಅಪ್’ ಆಗುವುದನ್ನು ಮಾತ್ರ ನಾನು ತಪ್ಪೆನ್ನಲಾರೆ. ಅದು ಇಲ್ಲಿ ಬೇರೂರಿದ ಬಳಕೆ, ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಇಂಗ್ಲೆಂಡಿನ ಗೆಳೆಯ ‘ಐ ಕ್ಯಾನ್ ಪುಟ್ ಯು ಅಪ್’ ಎಂದರೆ ಮಾತ್ರ ಗಾಬರಿ ಬೇಡ: ರಾತ್ರಿ ತನ್ನ ಮನೆಯಲ್ಲೇ ಉಳಿಯಿರಿ ಎನ್ನುತ್ತಿದ್ದಾನೆ.