ಶಾಲೆಯಲ್ಲಿ ಧರ್ಮದ ಪಾಠ, ನಾಸ್ತಿಕತೆಯ ಪಾಠ: ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ದಬ್ಬೇಘಟ್ಟ ಹಾಗೂ ಸುತ್ತಮುತ್ತಲಿನ ಊರುಗಳ ಜೈನ ಮಕ್ಕಳನ್ನು ಸೇರಿಸಿ ಹತ್ತು ದಿನ ಪಾಠಶಾಲೆ ನಡೆಸಿದೆವು. ನಮ್ಮ ಕಡೆ ಜೈನ ಮನೆಗಳು ಬೆರಳೆಣಿಕೆಯಷ್ಟು. ಬಂದ ಮಕ್ಕಳು 11 ಮಂದಿ. ಣಮೋಕಾರ ಮಂತ್ರ, 24 ತೀರ್ಥಂಕರರ ಹೆಸರು ಮತ್ತು ಲಾಂಛನ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರನೆಯ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ತಾತ, ಜೈನರು ನಾಸ್ತಿಕರು ಅಂತ ಸ್ಕೂಲಲ್ಲಿ ಹೇಳಿದ್ರು. ನಾವು ನಾಸ್ತಿಕರಾದ್ರೆ ಬಸದಿಗೆ ಯಾಕೆ ಹೋಗ್ತೀವಿ?”

“ಅಂಥದ್ದೆಲ್ಲ ಇಲ್ಲಿ ಕೇಳಬಾರದು, ಕೂತ್ಕೋ” ಎಂದು ಗದರಿಸಿದೆ. ಮರುದಿನದಿಂದ ಅವಳು ಬರಲಿಲ್ಲ.

ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಗದರಿಸಿದೆ. ಕೊಬ್ಬರಿ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದ ನಾನು ಆಮೇಲೆ ಬಿಡುವಾದಾಗಲೆಲ್ಲ ಈ ವಿಷಯವನ್ನು ಓದಿದೆ, ತಿಳಿದವರನ್ನು ಕೇಳಿದೆ. ಶಾಲೆಯಲ್ಲಿ ಧರ್ಮದ ಬಗ್ಗೆ ಪಾಠ ಇರಬೇಕೇ, ನಾಸ್ತಿಕತೆಯ ಬಗ್ಗೆಯೂ ಇರಬೇಕೇ ಎಂಬ ಚರ್ಚೆ ಆಗಾಗ ಏಳುತ್ತಲೇ ಇರುತ್ತದೆ. ನಮ್ಮ ಸಮಾಜಕ್ಕೆ ಇದು ಬೇರೆಯವರಿಗಿಂತ ಹತ್ತಿರದ ಪ್ರಶ್ನೆ. ಆದ್ದರಿಂದ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 28ನೇ ವಿಧಿ ಮೂರು ಮಾತು ಹೇಳುತ್ತದೆ. ಪೂರ್ತಿ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಧಾರ್ಮಿಕ ಬೋಧನೆ ನಡೆಯಬೇಕೆಂಬ ಷರತ್ತಿನ ಮೇಲೆ ದತ್ತಿ ಅಥವಾ ಟ್ರಸ್ಟ್ ಸ್ಥಾಪಿಸಿದ ಶಾಲೆಯ ಆಡಳಿತವನ್ನು ಸರ್ಕಾರ ನೋಡಿಕೊಳ್ಳುತ್ತಿದ್ದರೆ, ಅಲ್ಲಿ ಈ ನಿಷೇಧವಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಅಥವಾ ಪೂಜೆ ಪ್ರಾರ್ಥನೆ ಇದ್ದರೆ, ಅದರಲ್ಲಿ ಭಾಗವಹಿಸುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರ ಒಪ್ಪಿಗೆ ಬೇಕು.

30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ ಈ ಹಕ್ಕು ನಮಗೆ ಇನ್ನಷ್ಟು ಸ್ಪಷ್ಟವಾಯಿತು. ಆದರೆ ನಮ್ಮ ಸಂಸ್ಥೆಗಳು ನಡೆಸುವ ಶಾಲೆಗೂ 28ನೇ ವಿಧಿಯ ಒಪ್ಪಿಗೆಯ ಮಾತು ಅನ್ವಯಿಸುತ್ತದೆ. ಅಲ್ಲಿ ಓದುವ ಅನ್ಯಧರ್ಮದ ಮಕ್ಕಳನ್ನು ನಮ್ಮ ಪ್ರಾರ್ಥನೆಗೆ ಬಲವಂತ ಮಾಡುವಂತಿಲ್ಲ.

ಬೋಧನೆ ಬೇರೆ, ಪರಿಚಯ ಬೇರೆ

ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಮಹಾವೀರ ಸ್ವಾಮಿಯವರ ಹೆಸರೇ ಎತ್ತಬಾರದೇ? ಹಾಗೇನಿಲ್ಲ. 1964-66ರ ಕೊಠಾರಿ ಆಯೋಗ ಈ ಗೊಂದಲವನ್ನು ಬಿಡಿಸಿತು. ಒಂದು ಧರ್ಮದ ನಂಬಿಕೆ ಮತ್ತು ಆಚರಣೆಗಳನ್ನು ಮಗುವಿಗೆ ರೂಢಿಸುವುದು ಒಂದು ಕೆಲಸ. ಎಲ್ಲ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಇನ್ನೊಂದು ಕೆಲಸ. ಮೊದಲನೆಯದು ಸರ್ಕಾರಿ ಶಾಲೆಗೆ ಸಲ್ಲದು, ಎರಡನೆಯದು ಬೇಕು ಎಂಬುದು ಆಯೋಗದ ನಿಲುವಾಗಿತ್ತು.

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಧರ್ಮಗಳ ಬಗ್ಗೆ ಶಿಕ್ಷಣ ಇರುವುದನ್ನು ಪ್ರಶ್ನಿಸಿ ಅರುಣಾ ರಾಯ್ ಮತ್ತಿತರರು ಅರ್ಜಿ ಹಾಕಿದ್ದರು. 2002ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ಆ ಪಠ್ಯಕ್ರಮವನ್ನು ಎತ್ತಿಹಿಡಿಯಿತು. ಧರ್ಮಗಳ ಬಗ್ಗೆ ಕಲಿಸುವುದು ಸಂವಿಧಾನ ನಿಷೇಧಿಸಿದ ಧಾರ್ಮಿಕ ಬೋಧನೆಯಲ್ಲ ಎಂದಿತು.

ಹೊರದೇಶಗಳಲ್ಲೂ ಇದೇ ಗೆರೆ ಎಳೆದಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಭಕ್ತಿಯಿಂದ ಬೈಬಲ್ ಓದಿಸುವುದನ್ನು ನಿಲ್ಲಿಸಿತು. ಧರ್ಮಗಳ ಅಧ್ಯಯನಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ಇಂಗ್ಲೆಂಡಿನ ಹೈಕೋರ್ಟು 2015ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧರ್ಮಗಳ ಪಾಠದಲ್ಲಿ ಯಾವ ಧರ್ಮವನ್ನೂ ನಂಬದವರ ಜೀವನದೃಷ್ಟಿಯನ್ನು ಕಡೆಗಣಿಸಬಾರದು ಎಂದು ಹೇಳಿತು.

ನಾವು ಆಸ್ತಿಕರೋ, ನಾಸ್ತಿಕರೋ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ‘ನಾಸ್ತಿಕ’ ಎಂಬ ಮಾತಿಗೆ ನಮ್ಮ ದೇಶದಲ್ಲಿ ಒಂದೇ ಅರ್ಥವಿಲ್ಲ, ಮೂರು ಅರ್ಥಗಳಿವೆ.

ಮೊದಲನೆಯದು, ವೇದವನ್ನು ಪ್ರಮಾಣವೆಂದು ಒಪ್ಪದವರು. ದರ್ಶನಗಳನ್ನು ವಿಂಗಡಿಸುವಾಗ ಜೈನ, ಬೌದ್ಧ, ಚಾರ್ವಾಕ ಈ ಮೂರನ್ನೂ ನಾಸ್ತಿಕ ದರ್ಶನಗಳೆಂದು ಬರೆಯುವುದು ಈ ಅರ್ಥದಲ್ಲಿ. ಶಾಲೆಯಲ್ಲಿ ಹೇಳಿದ್ದೂ ಇದನ್ನೇ ಇರಬೇಕು.

ಎರಡನೆಯದು, ಪರಲೋಕವಿಲ್ಲ ಎನ್ನುವವರು. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದ ವೈಯಾಕರಣರು ಪರಲೋಕ ಉಂಟು ಎನ್ನುವವನು ಆಸ್ತಿಕ, ಇಲ್ಲ ಎನ್ನುವವನು ನಾಸ್ತಿಕ ಎಂದು ಅರ್ಥ ಹೇಳಿದ್ದಾರೆ. ಆತ್ಮ, ಕರ್ಮ, ಪುನರ್ಜನ್ಮ, ಮೋಕ್ಷ ಇವನ್ನೆಲ್ಲ ಒಪ್ಪುವ ನಾವು ಈ ಲೆಕ್ಕದಲ್ಲಿ ಆಸ್ತಿಕರೇ.

ಮೂರನೆಯದು, ದೇವರಿಲ್ಲ ಎನ್ನುವವರು. ಇಂದು ಬಳಕೆಯಲ್ಲಿರುವ ಅರ್ಥ ಇದು. ಇಲ್ಲಿ ಉತ್ತರ ಸ್ವಲ್ಪ ವಿವರವಾಗಿ ಹೇಳಬೇಕು. ಲೋಕವನ್ನು ಸೃಷ್ಟಿಸಿದ ದೇವರನ್ನು ಜೈನ ಧರ್ಮ ಒಪ್ಪುವುದಿಲ್ಲ. ಲೋಕ ಅನಾದಿ, ಅನಂತ; ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳಿಂದ ಕೂಡಿದ್ದು. ಆಚಾರ್ಯ ಜಿನಸೇನರು 9ನೇ ಶತಮಾನದಲ್ಲಿ ರಚಿಸಿದ ಮಹಾಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ತರ್ಕದಿಂದಲೇ ಖಂಡಿಸಿದ್ದಾರೆ. ಆದರೆ ಕರ್ಮಗಳನ್ನು ಗೆದ್ದ ಅರಿಹಂತರು, ಮುಕ್ತರಾದ ಸಿದ್ಧರು ನಮಗೆ ಪೂಜ್ಯರು. ಅವರು ವರ ಕೊಡುವವರಲ್ಲ, ಶಾಪ ಹಾಕುವವರೂ ಅಲ್ಲ. ಅವರ ಗುಣಗಳು ನಮ್ಮಲ್ಲಿ ಬರಲಿ ಎಂದು ಬಸದಿಗೆ ಹೋಗುತ್ತೇವೆ, ಅಭಿಷೇಕ ಮಾಡುತ್ತೇವೆ.

ಇಷ್ಟೇ ಉತ್ತರ. ಐದು ನಿಮಿಷದಲ್ಲಿ ಹೇಳಬಹುದಿತ್ತು.

ವೇದವನ್ನು ಒಪ್ಪಿ ಆಸ್ತಿಕವೆನಿಸಿಕೊಂಡ ಸಾಂಖ್ಯ ಮತ್ತು ಪೂರ್ವಮೀಮಾಂಸೆಯಲ್ಲೂ ಸೃಷ್ಟಿಕರ್ತ ದೇವರಿಗೆ ಜಾಗವಿಲ್ಲವೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ದೇವರ ಬಗ್ಗೆ ಪ್ರಶ್ನೆ ಕೇಳುವುದು ಹೊರಗಿನಿಂದ ಬಂದ ರೋಗ ಎಂದು ನಾನು ತಿಳಿದಿದ್ದೆ. ಅದು ಈ ನೆಲದ್ದೇ.

ಹಿರಿಯರು ಏನು ಮಾಡಿದ್ದರು?

8ನೇ ಶತಮಾನದ ಶ್ವೇತಾಂಬರ ಆಚಾರ್ಯ ಹರಿಭದ್ರ ಸೂರಿಗಳು ಷಡ್ದರ್ಶನ ಸಮುಚ್ಚಯ ಎಂಬ ಸಣ್ಣ ಗ್ರಂಥ ಬರೆದರು. ಬೌದ್ಧ, ನ್ಯಾಯ, ಸಾಂಖ್ಯ, ಜೈನ, ವೈಶೇಷಿಕ, ಮೀಮಾಂಸೆ ಒಂದೊಂದೂ ಏನು ಹೇಳುತ್ತದೆ ಎಂಬುದನ್ನು ನಿಂದಿಸದೆ ವಿವರಿಸಿ, ಕೊನೆಗೆ ಆತ್ಮವೂ ಇಲ್ಲ ಪರಲೋಕವೂ ಇಲ್ಲ ಎನ್ನುವ ಲೋಕಾಯತರ ಮತವನ್ನೂ ಸೇರಿಸಿದರು. ಧರ್ಮ ಮತ್ತು ನಾಸ್ತಿಕತೆ ಎರಡನ್ನೂ ಪರಿಚಯಿಸುವ ಪಠ್ಯಪುಸ್ತಕ ಹೇಗಿರಬೇಕೆಂದು ಕೇಳಿದರೆ ನಾನು ಇದನ್ನು ತೋರಿಸುತ್ತೇನೆ.

ನಮ್ಮವರೆಲ್ಲ ಹೀಗೇ ಇದ್ದರು ಎಂದರೆ ಸುಳ್ಳಾಗುತ್ತದೆ. 12ನೇ ಶತಮಾನದ ಬ್ರಹ್ಮಶಿವ ಕವಿ ಸಮಯಪರೀಕ್ಷೆಯಲ್ಲಿ ಅನ್ಯಮತಗಳನ್ನು ಕಟುವಾಗಿ ಹಳಿದಿದ್ದಾನೆ. ಅದು ಆ ಕಾಲದ ವಾದದ ರೀತಿ. ಇಂದು ಅದನ್ನು ಸಾಹಿತ್ಯ ಚರಿತ್ರೆಯಾಗಿ ಓದಬಹುದು, ಮಕ್ಕಳಿಗೆ ಧರ್ಮ ಪರಿಚಯ ಮಾಡಿಕೊಡಲು ಬಳಸಲಾಗದು.

ಶ್ರವಣಬೆಳಗೊಳದ 1368ರ ಶಾಸನವನ್ನು ಮಾತ್ರ ಮಕ್ಕಳಿಗೆ ತೋರಿಸಲೇಬೇಕು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಇಬ್ಬರ ಕೈ ಕೂಡಿಸಿ ರಾಜಿ ಮಾಡಿಸಿದ್ದು, ಬೆಳಗೊಳಕ್ಕೆ 20 ಮಂದಿ ಕಾವಲಿನವರನ್ನು ನೇಮಿಸುವ ಹೊಣೆಯನ್ನು ಶ್ರೀವೈಷ್ಣವರ ಕಡೆಯವರಿಗೇ ವಹಿಸಿದ್ದು ಅದರಲ್ಲಿದೆ. ಬೆಳಗೊಳಕ್ಕೆ ಪ್ರವಾಸ ಹೋಗುವ ಶಾಲಾ ಮಕ್ಕಳು ಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಈ ಒಂದು ಕಲ್ಲಿನ ಮುಂದೆ ಹತ್ತು ನಿಮಿಷ ನಿಂತು ಬಂದರೆ ಅದೂ ಒಂದು ಧರ್ಮದ ಪಾಠವೇ.

ಪಠ್ಯಪುಸ್ತಕದಲ್ಲಿ ನಾವು

2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ 6ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದ ಬಗ್ಗೆ ಗದ್ದಲವಾಯಿತು. ಜೈನ ಮತ್ತು ಬೌದ್ಧ ಧರ್ಮಗಳ ಉದಯದ ಪಾಠದಲ್ಲಿ ಯಜ್ಞಯಾಗಗಳ ಕುರಿತಾಗಿದ್ದ ಸಾಲುಗಳಿಂದ ನೋವಾಗಿದೆ ಎಂದು ಬ್ರಾಹ್ಮಣ ಸಮುದಾಯದವರು ದೂರಿದರು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಆ ಭಾಗವನ್ನು ಕೈಬಿಡಲು ಸೂಚಿಸಿದರು.

ಆ ಪಾಠದ ವಿಷಯ ನಮ್ಮದು, ನೋವಾದದ್ದು ಮತ್ತೊಬ್ಬರಿಗೆ. ನಮಗೂ ಆ ಬಗೆಯ ಪಾಠಗಳಿಂದ ಸಮಾಧಾನವಿಲ್ಲ. ಜೈನ ಧರ್ಮ ‘ಹೊಸ ಧರ್ಮ’, ಮಹಾವೀರರು ಅದರ ಸ್ಥಾಪಕರು ಎಂದು ಓದಿದ ಮಗು ಮನೆಗೆ ಬಂದು, ಹಾಗಾದರೆ ಆದಿನಾಥರು ಯಾರು ಎಂದು ಕೇಳುತ್ತದೆ. ಇದಕ್ಕೆ ದಾರಿಯಿದೆ. “ಋಷಭದೇವರಿಂದ ಮಹಾವೀರರವರೆಗೆ 24 ತೀರ್ಥಂಕರರು ಆಗಿಹೋದರೆಂದು ಜೈನರು ನಂಬುತ್ತಾರೆ. ಪಾರ್ಶ್ವನಾಥರೂ ಮಹಾವೀರರೂ ಐತಿಹಾಸಿಕ ಪುರುಷರೆಂದು ಇತಿಹಾಸಕಾರರು ಒಪ್ಪುತ್ತಾರೆ” ಎಂದು ಎರಡು ವಾಕ್ಯ ಬರೆದರೆ ಸಾಕು. ನಂಬಿಕೆ ಯಾವುದು, ಚರಿತ್ರೆ ಯಾವುದು ಎಂಬುದು ಮಗುವಿಗೆ ಗೊತ್ತಾಗುತ್ತದೆ, ಯಾರಿಗೂ ನೋವಾಗುವುದಿಲ್ಲ.

2022ರಲ್ಲಿ ಶಾಲೆಗಳಲ್ಲಿ ಭಗವದ್ಗೀತೆ ಕಲಿಸುವ ಮಾತು ನಮ್ಮ ರಾಜ್ಯದಲ್ಲೂ ಬಂದಾಗ, ಹಾಗಾದರೆ ತತ್ತ್ವಾರ್ಥ ಸೂತ್ರವೂ ಇರಲಿ ಎಂದು ನನ್ನ ಮಿತ್ರರು ಕೆಲವರು ಹೇಳಿದರು. ನನಗೆ ಅದು ಸರಿಕಾಣಲಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.40 ಲಕ್ಷ, ನೂರಕ್ಕೆ ಮುಕ್ಕಾಲು ಪಾಲೂ ಇಲ್ಲ. ತಲೆ ಎಣಿಸಿ ಪಾಲು ಹಂಚಿದರೆ ನಮ್ಮ ಪಾಲಿಗೆ ಅರ್ಧ ಪುಟವೂ ಬರಲಾರದು. ಪರಿಚಯದ ಪಾಠವಾದರೆ ಎಲ್ಲರಿಗೂ ಜಾಗವಿರುತ್ತದೆ. ಅದರಲ್ಲಿ ನಂಬದವರಿಗೂ ಜಾಗವಿರಬೇಕು. ‘ದೇವರು’ ಬರೆದ ಎ.ಎನ್. ಮೂರ್ತಿರಾಯರು, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಡಾ. ಎಚ್. ನರಸಿಂಹಯ್ಯನವರು ಇದೇ ಕನ್ನಡ ನಾಡಿನ ಗೌರವಾನ್ವಿತರು. ನಂಬದವನು ನೀತಿಗೆಟ್ಟವನು ಎಂದು ಮಗು ತಿಳಿಯಬಾರದು. ಸೃಷ್ಟಿಕರ್ತನನ್ನು ಒಪ್ಪದೆಯೂ ಅಹಿಂಸೆ, ಅಪರಿಗ್ರಹದಲ್ಲಿ ಬಾಳಬಹುದೆಂದು ತೋರಿಸಿದ ನಾವು ಆ ಮಾತಿಗೆ ದನಿಗೂಡಿಸುವುದಂತೂ ಸಲ್ಲದು.

ಪೋಷಕರ ಆತಂಕಗಳು

“ಮಕ್ಕಳು ಧರ್ಮ ಬಿಟ್ಟುಬಿಟ್ಟರೆ?” ಎಂಬುದು ಮೊದಲ ಆತಂಕ. ಮೊಬೈಲ್ ಕೈಗೆ ಬಂದ ಮಗು ಈ ವಾದಗಳನ್ನು ಹೇಗೂ ಕೇಳುತ್ತದೆ. ಗೊತ್ತುಗುರಿಯಿಲ್ಲದವರ ಬಾಯಲ್ಲಿ ಕೇಳುವುದಕ್ಕಿಂತ ಶಿಕ್ಷಕರ ಮುಂದೆ ಕೇಳುವುದು ಮೇಲು. ಚೀಲ ಬಿಚ್ಚಿ ಒಳಗೆ ಕೈಹಾಕಿ ನೋಡಿದರೆ ಒಳ್ಳೆಯ ಕೊಬ್ಬರಿಯ ಬೆಲೆ ಇಳಿಯುವುದಿಲ್ಲ.

“ಶಿಕ್ಷಕರು ಪಕ್ಷಪಾತ ಮಾಡಿದರೆ?” ಇದು ನಿಜವಾದ ತೊಂದರೆ. ತರಬೇತಿಯಿಲ್ಲದೆ ಇಂಥ ಪಾಠ ತಂದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಅದಕ್ಕೇ ಚಿಕ್ಕ ತರಗತಿಗಳಲ್ಲಿ ಹಬ್ಬ, ಆಹಾರ, ಕಥೆಗಳಷ್ಟೇ ಇರಲಿ. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ 9, 10ನೇ ತರಗತಿಗೆ ಬರಲಿ.

“ನಮ್ಮ ಮಗುವಿಗೆ ಇದರಿಂದ ಏನು ಪ್ರಯೋಜನ?” 2022ರಿಂದ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಿದ್ದಾರೆ, ತಿನ್ನದವರಿಗೆ ಬಾಳೆಹಣ್ಣು. ತರಗತಿಯಲ್ಲಿ ಒಂದೇ ಜೈನ ಮಗುವಿದ್ದರೆ, ನೀನ್ಯಾಕೆ ತಿನ್ನಲ್ಲ ಎಂಬ ಪ್ರಶ್ನೆಗೆ ಅದೊಂದೇ ಉತ್ತರ ಹೇಳಬೇಕು. ಉಳಿದ ಮಕ್ಕಳಿಗೆ ಅಹಿಂಸೆಯ ಪಾಠ ಮೊದಲೇ ಆಗಿದ್ದರೆ ಆ ಪ್ರಶ್ನೆಯಲ್ಲಿ ಗೇಲಿ ಇರುವುದಿಲ್ಲ. ಹಾಗೆಯೇ ಮೊಟ್ಟೆ ತಿನ್ನುವ ಮಕ್ಕಳನ್ನು ನಮ್ಮ ಮಗುವೂ ಕೀಳಾಗಿ ಕಾಣುವುದಿಲ್ಲ.

ನಾವು ಮಾಡಬಹುದಾದದ್ದು

ಶಾಲೆ ಎಷ್ಟೇ ಚೆನ್ನಾಗಿ ಪರಿಚಯ ಮಾಡಿಕೊಟ್ಟರೂ ಸಂಸ್ಕಾರ ಕೊಡಬೇಕಾದ್ದು ಮನೆ, ಬಸದಿ ಮತ್ತು ಪಾಠಶಾಲೆ. ಆ ಕೆಲಸವನ್ನು ಸರ್ಕಾರದ ಮೇಲೆ ಹೊರಿಸುವುದು ಬೇಡ.

ಮಕ್ಕಳ ಸಮಾಜ ವಿಜ್ಞಾನ ಪುಸ್ತಕದಲ್ಲಿ ಜೈನ ಧರ್ಮದ ಪಾಠವನ್ನು ಪೋಷಕರು ಒಮ್ಮೆ ಓದಿ. ತಪ್ಪಿದ್ದರೆ ಆಧಾರ ಸಮೇತ ಇಲಾಖೆಗೆ ಬರೆಯಿರಿ. ಇನ್ನೊಬ್ಬರ ಧರ್ಮದ ಬಗ್ಗೆ ತಪ್ಪಿದ್ದರೂ ಬರೆಯಿರಿ. ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ದಿನ ಬಸದಿಗೆ ಕರೆಯಿರಿ. ನಮ್ಮ ಜಿಲ್ಲೆಯಲ್ಲಿ ನಿಟ್ಟೂರಿನ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ, ತುಮಕೂರಿನ ಬಳಿ ಮಂದರಗಿರಿಯಿದೆ. ಪಾಠಶಾಲೆಯಲ್ಲಿ ವಾರಕ್ಕೊಮ್ಮೆ ಬರೀ ಪ್ರಶ್ನೆಗೇ ಸಮಯವಿಡಿ. ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ, ತಿಳಿದು ಹೇಳುತ್ತೇನೆ ಎನ್ನಿ. ಅನೇಕಾಂತವನ್ನು ಬಾಯಲ್ಲಿ ಹೇಳಿ ಪ್ರಶ್ನೆಗೆ ಗದರಿಸಿದರೆ ಮಕ್ಕಳು ಗದರಿಸಿದ್ದನ್ನಷ್ಟೇ ನೆನಪಿಡುತ್ತಾರೆ.

ಆ ಹುಡುಗಿಯ ಮನೆಗೆ ಹೋಗಿ, ಮೇಲೆ ಬರೆದ ಉತ್ತರವನ್ನು ಹೇಳಿ ಬಂದೆ. ಸುಮ್ಮನೆ ಕೇಳಿಸಿಕೊಂಡಳು. “ಇದನ್ನ ಅವತ್ತೇ ಹೇಳಬಹುದಿತ್ತಲ್ಲ ತಾತ” ಎಂದಳು. ಈಗ ಪಿಯುಸಿ ಓದುತ್ತಿದ್ದಾಳೆ. ಈ ಬೇಸಿಗೆಯ ಪಾಠಶಾಲೆಗೆ ಬಂದು ಚಿಕ್ಕ ಮಕ್ಕಳ ಪ್ರಶ್ನೆಗಳನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ.

ಜೈ ಜಿನೇಂದ್ರ.