ನಿಮಗಿದು ಗೊತ್ತೇ? ಸೈಟ್ ಪ್ಲ್ಯಾನ್ ಒಂದು, ಕಟ್ಟಡ ಹಲವು

ಕಟ್ಟಡದ ನಕ್ಷೆ ಬೇರೆ, ಅದು ನಿಲ್ಲುವ ಜಾಗದ ನಕ್ಷೆ ಬೇರೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್‌ನಲ್ಲಿ ಎರಡನ್ನೂ ಕೂಡಿಸುವಾಗ ಏನೇನು ನಡೆಯುತ್ತದೆ? ಬಾಗಲಕೋಟೆ ಸೀಮೆಯಲ್ಲೇ ನಿಂತು ನೋಡೋಣ.

1. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಮನೆ ಬಿಟ್ಟವರಿಗಾಗಿ ಎದ್ದ ಬಾಗಲಕೋಟೆ ನವನಗರವನ್ನು ಯೋಜಿಸಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1983ರದು. ಆಟೋಕ್ಯಾಡ್‌ನ ಮೊದಲ ಆವೃತ್ತಿ ಮಾರಾಟಕ್ಕೆ ಬಂದದ್ದು ಅದಕ್ಕೂ ತುಸು ಮೊದಲು, 1982ರ ಡಿಸೆಂಬರ್‌ನಲ್ಲಿ!

2. ಲೇಔಟಿನಲ್ಲಿ ಒಂದೇ ನಮೂನೆಯ ಐವತ್ತು ಮನೆಗಳಿದ್ದರೆ ಐವತ್ತು ಸಲ ಕಾಪಿ ಮಾಡಬೇಕಿಲ್ಲ. ಮನೆಯನ್ನು ‘ಬ್ಲಾಕ್’ ಮಾಡಿ ಇಟ್ಟರೆ ಸಾಕು. ಮೂಲದಲ್ಲಿ ಒಂದು ಕಿಟಕಿ ಸರಿಸಿದರೆ ಐವತ್ತರಲ್ಲೂ ಸರಿಯುತ್ತದೆ. ಈ ಉಪಾಯ ಹಳೆಯದು: ಐವನ್ ಸದರ್ಲೆಂಡ್ 1963ರಲ್ಲಿ ಪ್ರಕಟಿಸಿದ ‘ಸ್ಕೆಚ್‌ಪ್ಯಾಡ್’ನಲ್ಲೇ ಇತ್ತು.

3. ಪಟ್ಟದಕಲ್ಲಿನ ಒಂದೇ ಆವರಣದಲ್ಲಿ ನಾಗರ ಶೈಲಿಯ ಗಳಗನಾಥವೂ ಇದೆ, ದ್ರಾವಿಡ ಶೈಲಿಯ ಸಂಗಮೇಶ್ವರವೂ ಇದೆ. ಇಂಥ ತಾಣಕ್ಕೆ ಬ್ಲಾಕ್ ಸಾಲದು. ಒಂದೊಂದು ಗುಡಿಗೆ ಒಂದೊಂದು ಫೈಲ್ ಮಾಡಿ, ಸೈಟ್ ಪ್ಲ್ಯಾನಿಗೆ ‘ಎಕ್ಸ್‌ರೆಫ್’ ಆಗಿ ಜೋಡಿಸುವುದೇ ವಾಸಿ. ಇಳಕಲ್ ಸೀರೆಯ ಒಡಲಿನ ಹಾಸು, ಸೆರಗಿನ ಹಾಸು ಬೇರೆ ಬೇರೆ ತಯಾರಾಗಿ ಕೊಂಡಿಯಲ್ಲಿ ಕೂಡುವಂತೆ.

4. ಎಕ್ಸ್‌ರೆಫ್ ಕಟ್ಟಡ ಸೈಟ್ ಪ್ಲ್ಯಾನಿನ ಫೈಲ್‌ನೊಳಗೆ ಇರುವುದೇ ಇಲ್ಲ. ಅಲ್ಲಿರುವುದು ಅದರ ವಿಳಾಸ ಮಾತ್ರ. ಸೈಟ್ ಪ್ಲ್ಯಾನ್ ಒಂದನ್ನೇ ಮೇಲ್ ಮಾಡಿದರೆ ತೆರೆದವರಿಗೆ ಬರೀ ಜಾಗ ಕಾಣುತ್ತದೆ. ‘ಇ-ಟ್ರಾನ್ಸ್‌ಮಿಟ್’ ಎಲ್ಲ ಫೈಲ್‌ಗಳನ್ನೂ ಗಂಟು ಕಟ್ಟಿಕೊಡುತ್ತದೆ.

5. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳು, ಅದೂ ಗುಂಪು ಗುಂಪಾಗಿ. ಗುಂಪಿಗೊಂದು ನಕ್ಷೆ ಮಾಡಿ, ಅವನ್ನೆಲ್ಲ ಊರಿನ ನಕ್ಷೆಗೆ ಸೇರಿಸಬಹುದು. ಗುಂಪಿನ ನಕ್ಷೆಗೆ ‘ಅಟ್ಯಾಚ್’ ಮಾಡಿದ್ದು ಊರಿನ ನಕ್ಷೆಗೂ ಬರುತ್ತದೆ. ‘ಓವರ್‌ಲೇ’ ಮಾಡಿದ್ದು ಬರುವುದಿಲ್ಲ.

6. ಒಂದು ಗುಂಟೆ ಎಂದರೆ 33 ಅಡಿ ಚದರ, ಅಂದರೆ 1,089 ಚದರಡಿ. ನಮ್ಮ ಮಾಮೂಲಿ ಸೈಟು 30×40 ಅಡಿ. ಮಿಲಿಮೀಟರ್‌ನಲ್ಲಿ 30 ಅಡಿ ಎಂದರೆ 9,144. ಯೂನಿಟ್ ನೋಡದೆ ಮಿಲಿಮೀಟರಿನ ಈ ನಕ್ಷೆಯನ್ನು ಮೀಟರ್ ಲೆಕ್ಕದ ಸೈಟ್ ಪ್ಲ್ಯಾನಿಗೆ ತಂದರೆ 30 ಅಡಿಯ ಅಗಲ ಒಂಬತ್ತು ಕಿಲೋಮೀಟರ್ ದಾಟುತ್ತದೆ!

7. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಾಲ್ಕೂ, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್ ಲೆಕ್ಕದಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ವಲಯದಲ್ಲಿವೆ. ಈ ಲೆಕ್ಕದಲ್ಲಿ ಬಾಗಲಕೋಟೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 17.9 ಲಕ್ಷ ಮೀಟರ್ ದೂರ. ಮನೆಯ ನಕ್ಷೆಯೋ ಸೊನ್ನೆಯಿಂದ ಶುರು. ಹಾಗಾಗಿ ಸುಮ್ಮನೆ ಕೂಡಿಸಿದರೆ ಮನೆ ಮಾಯ!

8. ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಕಟ್ಟಡ ತನ್ನ ಒಳಗಿನ ಮೂಲಬಿಂದುವಿನಿಂದ 16 ಕಿ.ಮೀ. ಒಳಗೇ ಇರಬೇಕು. ಅದಕ್ಕೇ ‘ಶೇರ್ಡ್ ಕೋಆರ್ಡಿನೇಟ್ಸ್’: ಕಟ್ಟಡ ಅಲುಗಾಡದು, ಸರ್ವೆಯ ದೊಡ್ಡ ಅಂಕಿ ಅದಕ್ಕೆ ಅಂಟಿಕೊಳ್ಳುತ್ತದೆ.

9. ಬಾದಾಮಿಯ ಗುಹಾಲಯಗಳ ಮುಖ ಉತ್ತರಕ್ಕೆ, ಪಟ್ಟದಕಲ್ಲಿನ ವಿರೂಪಾಕ್ಷನ ಮುಖ ಪೂರ್ವಕ್ಕೆ. ಬರೆಯುವವರಿಗೆ ಮಾತ್ರ ಗೋಡೆ ನೆಟ್ಟಗಿದ್ದರೆ ಅನುಕೂಲ. ಆದ್ದರಿಂದ ರೆವಿಟ್‌ನಲ್ಲಿ ಎರಡು ಉತ್ತರ: ಕಾಗದದ್ದು ‘ಪ್ರಾಜೆಕ್ಟ್ ನಾರ್ತ್’, ನೆಲದ್ದು ‘ಟ್ರೂ ನಾರ್ತ್’.

10. ‘ಮಿರರ್’ ಕಮಾಂಡ್ ಬಳಸುವ ಮುನ್ನ ಮಾಲೀಕರನ್ನು ಕೇಳಿ. ನಕ್ಷೆಯನ್ನು ಎಡಬಲ ಮಾಡಿದರೆ ಆಗ್ನೇಯದ ಅಡುಗೆಮನೆ ನೈರುತ್ಯಕ್ಕೆ ಹಾರುತ್ತದೆ!

11. ಪಟ್ಟದಕಲ್ಲಿನ ಮಲ್ಲಿಕಾರ್ಜುನ ಗುಡಿ ಪಕ್ಕದ ವಿರೂಪಾಕ್ಷವನ್ನೇ ಹೋಲುತ್ತದೆ, ಗಾತ್ರದಲ್ಲಿ ಚಿಕ್ಕದು. ಕ್ಯಾಡ್‌ನಲ್ಲಿ ಹಾಗೆ ಚಿಕ್ಕದು ಮಾಡಲು ‘ಸ್ಕೇಲ್’ ಒತ್ತಿದರೆ ಬಾಗಿಲು, ಮೆಟ್ಟಿಲುಗಳೂ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಚಿಕ್ಕ ಕಟ್ಟಡವನ್ನು ಬೇರೆಯಾಗಿಯೇ ಬರೆಯಬೇಕು.

12. ಎಕ್ಸ್, ವೈ ಸರಿಯಾದರೆ ಮುಗಿಯಲಿಲ್ಲ, ಝಡ್ ಕೂಡ ಬೇಕು. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್, ಏರಿಸಬೇಕೆಂದಿರುವುದು 524.256 ಮೀಟರ್‌ಗೆ. ಹಿನ್ನೀರಿನ ಅಂಚಿನ ಊರಲ್ಲಿ ಮನೆ ಎಲ್ಲಿದೆ ಎಂಬಷ್ಟೇ ಮುಖ್ಯ, ಎಷ್ಟು ಎತ್ತರದಲ್ಲಿದೆ ಎಂಬುದು.

13. ಎಲ್ಲ ಕೂಡಿಸಿದ ಮೇಲೆ ಒಂದು ಪರೀಕ್ಷೆ: ಎರಡು ಬಾಂದುಕಲ್ಲುಗಳ ನಡುವಿನ ಅಂತರವನ್ನು ‘ಡಿಸ್ಟ್’ ಕಮಾಂಡಿನಿಂದ ಅಳೆಯಿರಿ. ನೆಲದ ಮೇಲಿನ ಅಳತೆಗೆ ತಾಳೆಯಾದರೆ ಮಾತ್ರ ಪ್ರಿಂಟ್ ಕೊಡಿ.